ಡೆರಿಕ್ ಪೆರೇರಾ ಅವರ ಅನುಭವಕ್ಕೆ ಬೆಲೆ ಸಿಗಲಿ

ಮಾನ್ಯರೇ,

ನಮ್ಮ ಫುಟ್‌ಬಾಲ್ ಕ್ಲಬ್‌ಗಳು ಮುಖ್ಯ ತರಬೇತುದಾರರಿಗಾಗಿ ಮೊದಲು ವಿದೇಶದತ್ತಲೇ ನೋಡುವಾಗಲೆಲ್ಲ, ಗೋವಾದ ವಾಸ್ಕೊದಲ್ಲಿ ನೆಲೆಸಿರುವ ಕನ್ನಡಿಗನಾದ ನನಗೆ ಡೆರಿಕ್ ಪೆರೇರಾ ನೆನಪಾಗುತ್ತಾರೆ. ಇದೇ ಊರಿನ ಸಾಲ್ಗಾಂವಕರ್ ಕ್ಲಬ್ಬಿನ ರಕ್ಷಣಾ ಆಟಗಾರರಾಗಿ ಹೆಸರು ಮಾಡಿ, ಭಾರತ ತಂಡದಲ್ಲೂ ಆಡಿದ ಅವರು, ತರಬೇತುದಾರರಾಗಿ ಮುಂಬೈಯ ಮಹೀಂದ್ರ ಯುನೈಟೆಡ್‌ಗೆ 2005–06ರ ರಾಷ್ಟ್ರೀಯ ಲೀಗ್ ಪ್ರಶಸ್ತಿ ಗೆದ್ದುಕೊಟ್ಟರು. ಪುಣೆ ಎಫ್‌ಸಿಯನ್ನು ಆಗ ದೇಶದ ಅಗ್ರ ಲೀಗ್ ಆಗಿದ್ದ ಐ-ಲೀಗ್‌ನ 2012–13ರ ಋತುವಿನಲ್ಲಿ ಎರಡನೆಯ ಸ್ಥಾನಕ್ಕೇರಿಸಿದರು. (ಆ ಎರಡೂ ತಂಡಗಳು ಈಗಿಲ್ಲ ಎಂಬುದು ಬೇರೆಯೇ ನೋವು.) 2021ರ ಡಿಸೆಂಬರ್‌ನಲ್ಲಿ ಮುಖ್ಯ ತರಬೇತುದಾರ ಹುವಾನ್ ಫೆರಾಂಡೊ ಋತುವಿನ ನಡುವೆಯೇ ಎಫ್‌ಸಿ ಗೋವಾ ತೊರೆದಾಗ ಹೊಣೆ ಹೊತ್ತವರೂ ಇವರೇ. ಇಂಥ ಅನುಭವಿಯನ್ನು ‘ಸಂಕಟ ಬಂದಾಗ ವೆಂಕಟರಮಣ’ ಎಂಬಂತೆ ನೆನೆಯುವುದು ನನಗೆ ಸರಿಕಾಣದು. ನಿಮ್ಮ ಕ್ರೀಡಾಪುಟದಲ್ಲಿ ಅವರ ಕುರಿತು ವಿಸ್ತೃತ ಲೇಖನ ಪ್ರಕಟಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ, ವಾಸ್ಕೊ, ಗೋವಾ