ಎರಡನೇ ಹಾಡು ದಾಟದ ಎಲ್‌ಪಿ: ನಿಮಗೆ ನನ್ನ ಕೊನೆಯ ದೂರು

ಕುಂದುಕೊರತೆ ಅಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮಲ್ಲಿ ಕೊಂಡ ರೆಕಾರ್ಡ್ ಒಂದೇ ಜಾಗದಲ್ಲಿ ಸಿಕ್ಕಿಕೊಂಡು ಹಾರುತ್ತದೆ ಅಂತ ಫೋನ್ ಮಾಡಿ ಆಯ್ತು, ಚಾಟ್ ಮಾಡಿ ಆಯ್ತು, ಮೇಲ್ ಹಾಕಿ ಆಯ್ತು. ನಿನ್ನೆ ನಿಮ್ಮಿಂದ ಬಂದ ಮೆಸೇಜ್ ನೋಡಿದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ಅದರಲ್ಲಿ ಇದ್ದದ್ದು ಇಷ್ಟು: ‘ದೂರು ಮುಕ್ತಾಯವಾಗಿದೆ. ಕಾರಣ: ಗ್ರಾಹಕರಿಗೆ ಹಾಡು ಇಷ್ಟವಾಗಿಲ್ಲ.’

ಹಾಡು ಇಷ್ಟವಾಗಿಲ್ಲ ಅಂತ ನಾನು ಯಾವಾಗ ಹೇಳಿದೆ? ಅಮೆರಿಕದ ರಾಕ್ ಗಾಯಕ ಆಲಿಸ್ ಕೂಪರ್ ಅವರ ‘ವೆಲ್‌ಕಮ್ ಟು ಮೈ ನೈಟ್‌ಮೇರ್’ ನಾನು ಕಾಲೇಜಿನಿಂದ ಕೇಳಿಕೊಂಡು ಬಂದಿರುವ ಆಲ್ಬಂ. ಆಗ ಸಿಕ್ಕಿದ್ದು ಯಾರೋ ಕಾಪಿ ಮಾಡಿಕೊಟ್ಟ ಕ್ಯಾಸೆಟ್. ಒಂದು ಸಲವಾದರೂ ಗ್ರಾಮಫೋನ್ ತಟ್ಟೆಯಲ್ಲಿ, ಅಂದ್ರೆ ಎಲ್‌ಪಿಯಲ್ಲಿ ಕೇಳಬೇಕು ಅನ್ನೋದು ಹಳೇ ಆಸೆ. ನಿಮ್ಮ ಆ್ಯಪ್‌ನಲ್ಲಿ ‘ಹ್ಯಾಲೋವೀನ್ ಸ್ಪೆಷಲ್, ಹೊಚ್ಚ ಹೊಸದು, ಆಮದು’ ಅಂತ ಕಂಡಿತು. 3,400 ರೂಪಾಯಿ ಕೊಟ್ಟು ತರಿಸಿಕೊಂಡೆ. ಅಕ್ಟೋಬರ್ 31, ದೆವ್ವ-ಭೂತಗಳ ಆ ಹಬ್ಬದ ರಾತ್ರಿ, ಹಳೇ ಗೆಳೆಯರನ್ನೂ ಕರೆದಿದ್ದೆ.

ನೀವು ಮಾರುತ್ತಿರುವ ವಸ್ತು ಏನು ಅಂತ ನಿಮ್ಮವರಿಗೆ ಗೊತ್ತಿದ್ದಂತಿಲ್ಲ. ಸ್ವಲ್ಪ ಹೇಳಿಬಿಡುತ್ತೇನೆ. ಇದು 1975ರ ಆಲ್ಬಂ. ತನ್ನ ಹಳೇ ಬ್ಯಾಂಡ್ ಬಿಟ್ಟ ಮೇಲೆ ಆಲಿಸ್ ಕೂಪರ್ ಒಬ್ಬರೇ ಮಾಡಿದ ಮೊದಲನೆಯದು. ನಿರ್ಮಾಪಕ ಬಾಬ್ ಎಜ್ರಿನ್. ಗಿಟಾರ್‌ನಲ್ಲಿ ಡಿಕ್ ವ್ಯಾಗ್ನರ್ ಮತ್ತು ಸ್ಟೀವ್ ಹಂಟರ್. ಸ್ಟೀವನ್ ಅನ್ನೋನ ಕೆಟ್ಟ ಕನಸುಗಳ ಕಥೆ ಇದು. ನಾಟಕ ನೋಡಿದ ಹಾಗೆ ಮೊದಲಿಂದ ಕೊನೆವರೆಗೆ ಕೂತು ಕೇಳಬೇಕು. ಎರಡನೇ ಮಗ್ಗುಲಲ್ಲಿ ‘ಇಯರ್ಸ್ ಅಗೋ’, ‘ಸ್ಟೀವನ್’, ‘ದಿ ಅವೇಕನಿಂಗ್’ ಮೂರೂ ಒಂದರ ಬೆನ್ನಿಗೆ ಒಂದು ಬರುತ್ತವೆ. ಅಲ್ಲಿ ಕಥೆ ಎಷ್ಟು ಕಪ್ಪಾಗುತ್ತದೆ ಅಂದ್ರೆ, ಅದರ ಮುಂದೆ ಈಗಿನ ಎಷ್ಟೋ ಹಾರರ್ ಸಿನಿಮಾಗಳು ಸಪ್ಪೆ.

ಆದರೆ ನಿಮ್ಮ ರೆಕಾರ್ಡ್ ನಮ್ಮನ್ನು ಅಲ್ಲಿವರೆಗೆ ಬಿಟ್ಟರೆ ತಾನೇ?

ಮೊದಲನೇ ಮಗ್ಗುಲಿನ ಎರಡನೇ ಹಾಡು ‘ಡೆವಿಲ್ಸ್ ಫುಡ್’. ಅದರ ಕೊನೆಗೆ ವಿನ್ಸೆಂಟ್ ಪ್ರೈಸ್ ಮಾತಾಡುತ್ತಾರೆ. ಹೌದು, ಹಾರರ್ ಸಿನಿಮಾಗಳ ಅದೇ ನಟ. 1982ರಲ್ಲಿ ಮೈಕೆಲ್ ಜಾಕ್ಸನ್‌ನ ‘ಥ್ರಿಲರ್’ನಲ್ಲಿ ಮಾತಾಡಿ ನಕ್ಕವರೂ ಅವರೇ. ಅದಕ್ಕೆ ಏಳು ವರ್ಷ ಮೊದಲೇ ಇಲ್ಲಿ ಅವರು ಮ್ಯೂಸಿಯಂ ತೋರಿಸುವವನ ಪಾತ್ರ ಮಾಡಿದ್ದಾರೆ. ಚಿಟ್ಟೆಗಳನ್ನು ದಾಟಿಸಿ, ‘ಮುಟ್ಟಬೇಡ ಮಗು’ ಅಂತ ಒಬ್ಬ ಹುಡುಗನನ್ನು ಗದರಿಸಿ, ಜೇಡಗಳ ಹತ್ತಿರ ಕರೆದುಕೊಂಡು ಹೋಗುತ್ತಾರೆ. ಬ್ಲ್ಯಾಕ್ ವಿಡೋ ಜೇಡ ಕಚ್ಚಿದರೆ ಏನಾಗುತ್ತದೆ ಅಂತ ಬಾಯಿ ಚಪ್ಪರಿಸುತ್ತಾ ಒಂದೊಂದಾಗಿ ಹೇಳುತ್ತಾರೆ: ನೋವು, ಬೆವರು, ಉಸಿರಾಟದ ತೊಂದರೆ... ಕೊನೆಗೆ ಸಾವು.

ನಮ್ಮ ಮನೆಯಲ್ಲಿ ಸಾವು ಬರಲೇ ಇಲ್ಲ. ಉಸಿರಾಟದ ತೊಂದರೆ ಹತ್ತಿರ ಮುಳ್ಳು ಹಿಂದಕ್ಕೆ ಹಾರುತ್ತದೆ. ನಿಮಿಷಕ್ಕೆ 33 ಸುತ್ತು ತಿರುಗುವ ರೆಕಾರ್ಡ್ ಅಲ್ವಾ, ಎರಡು ಸೆಕೆಂಡ್ ಕೂಡ ಆಗುವುದಿಲ್ಲ, ಮತ್ತೆ ಉಸಿರಾಟದ ತೊಂದರೆ. ಬ್ರಷ್‌ನಲ್ಲಿ ಒರೆಸಿ ನೋಡಿದೆ. ಗೆಳೆಯನ ಪ್ಲೇಯರ್‌ನಲ್ಲೂ ಹಾಕಿಸಿದೆ. ಅದೇ ಜಾಗ, ಅದೇ ಹಾರಾಟ. ಟ್ಯೂಬ್‌ಲೈಟ್ ಕೆಳಗೆ ಓರೆಯಾಗಿ ಹಿಡಿದರೆ ಸಾಸಿವೆಗಿಂತ ಸಣ್ಣ ಗುಳ್ಳೆಯೊಂದು ಕಾಣುತ್ತದೆ. ಉಗುರು ಆಡಿಸಿದರೆ ತಗಲುತ್ತದೆ. ಅಚ್ಚು ಹಾಕುವಾಗಲೇ ಆದ ದೋಷ ಅದು. ಫೋಟೋ ಕಳಿಸಿದ್ದೇನೆ, ವಿಡಿಯೋ ಕೂಡ.

ಇನ್ನು ನಿಮ್ಮ ಕಾಲ್ ಸೆಂಟರ್ ವಿಷಯ. ಸಮಾಧಾನವಾಗಿ ಬರೆಯಬೇಕು ಅಂತಲೇ ಕೂತಿದ್ದೇನೆ.

ಹುಡುಗ ಎಲ್ಲ ಕೇಳಿಸಿಕೊಂಡ. ಆಮೇಲೆ, ‘ಸರ್, ಇದು ಹಾರರ್ ಆಲ್ಬಂ ಅಲ್ವಾ? ಸೌಂಡ್ ಹಂಗೇ ಇರುತ್ತೆ ಸರ್, ಎಫೆಕ್ಟ್’ ಅಂದ.

ಅಲ್ಲಪ್ಪಾ, ರೆಕಾರ್ಡ್ ಹಾರುತ್ತಿದೆ ಅಂದೆ.

‘ಹೇಗೆ ಹಾರುತ್ತೆ ಸರ್? ಸ್ವಲ್ಪ ಹೇಳಿ ತೋರಿಸ್ತೀರಾ? ಟಿಕೆಟ್‌ನಲ್ಲಿ ಬರೀಬೇಕು.’

ಹೇಳಿ ತೋರಿಸಿದೆ. ಐವತ್ತು ದಾಟಿದ ನಾನು, ನಡುಮನೆಯಲ್ಲಿ ನಿಂತುಕೊಂಡು, ವಿನ್ಸೆಂಟ್ ಪ್ರೈಸ್ ದನಿಯಲ್ಲಿ, ‘ಉಸಿರಾಟದ ತೊಂದರೆ, ಉಸಿರಾಟದ ತೊಂದರೆ, ಉಸಿರಾಟದ ತೊಂದರೆ’ ಅಂದೆ. ಇಂಗ್ಲಿಷಿನಲ್ಲಿ ಒಂದು ಸಲ. ಅವನಿಗೆ ಅರ್ಥವಾಗಲಿ ಅಂತ ಕನ್ನಡದಲ್ಲಿ ಇನ್ನೊಂದು ಸಲ.

‘ಸರ್, ನಿಮಗೆ ಉಸಿರಾಟದ ತೊಂದರೆ ಇದೆಯಾ? ಆ್ಯಂಬುಲೆನ್ಸ್‌ಗೆ ಹೇಳಲಾ?’

ಅಡುಗೆಮನೆಯಿಂದ ನನ್ನ ಹೆಂಡತಿ ಸೌಟು ಹಿಡಿದುಕೊಂಡೇ ಓಡಿಬಂದಳು. ಅವಳಿಗೆ ಕೈಸನ್ನೆ ಮಾಡಿ ಸುಮ್ಮನಿರಿಸಿ, ಹುಡುಗನಿಗೆ ಮತ್ತೆ ಮೊದಲಿಂದ ವಿವರಿಸಿದೆ. ‘ಒಂದು ನಿಮಿಷ ಹೋಲ್ಡ್ ಮಾಡ್ತೀನಿ ಸರ್’ ಅಂದ. ಹೋಲ್ಡ್ ಮಾಡಲಿಲ್ಲ. ಆ ಕಡೆಯ ನಗು ಪೂರ್ತಿ ಕೇಳಿಸಿತು. ‘ಇನ್ನೊಂದ್ಸಲ ಹೇಳ್ಸೋ, ಇವ್ನೂ ಕೇಳಿಲ್ಲ’ ಅಂತ ಯಾರೋ ಅಂದರು. ಹುಡುಗ ವಾಪಸ್ ಬಂದು, ಬಹಳ ವಿನಯದಿಂದ, ‘ಸರ್, ಕ್ಲಿಯರ್ ಆಗಿ ಕೇಳಿಸಲಿಲ್ಲ, ದಯವಿಟ್ಟು ಇನ್ನೊಮ್ಮೆ?’ ಅಂದ.

ನಿಮ್ಮ ಸಿಬ್ಬಂದಿಗೆ ಮನರಂಜನೆ ಒದಗಿಸಿದ್ದಕ್ಕೆ ನಾನು ಬಿಲ್ ಕಳಿಸಿಲ್ಲ. ಕಳಿಸಬಹುದಿತ್ತು.

ಕೊನೆಗೆ ಸಿಕ್ಕಿದ ಪರಿಹಾರ ಏನು? ಮುಂದಿನ ಖರೀದಿಗೆ 150 ರೂಪಾಯಿ ಕೂಪನ್. ಕವರ್ ಒಡೆದ ರೆಕಾರ್ಡ್ ವಾಪಸ್ ತಗೊಳ್ಳೋದಿಲ್ಲವಂತೆ. ಕವರ್ ಒಡೆಯದೆ ರೆಕಾರ್ಡ್ ಕೇಳುವ ವಿದ್ಯೆ ನಿಮ್ಮಲ್ಲಿದ್ದರೆ ದಯವಿಟ್ಟು ಕಲಿಸಿಕೊಡಿ. ನಿಮ್ಮ ರಿಟರ್ನ್ ಪುಟದಲ್ಲಿ ದೋಷವಿರುವ ಸರಕಿನ ಬಗ್ಗೆ ಏನಿದೆ ಅಂತ ನಾನು ಇಲ್ಲಿ ಬರೆಯೋದಿಲ್ಲ. ಬರೆದವರು ನೀವೇ.

2020ರ ಇ-ಕಾಮರ್ಸ್ ನಿಯಮಗಳೂ ನಿಮಗೆ ಗೊತ್ತೇ ಇರುತ್ತವೆ: ದೂರು ತಲುಪಿದ್ದಕ್ಕೆ 48 ಗಂಟೆಯೊಳಗೆ ಉತ್ತರ, ಒಂದು ತಿಂಗಳೊಳಗೆ ಪರಿಹಾರ. ನನಗೆ ಈಗ ಬದಲಿ ರೆಕಾರ್ಡ್ ಬೇಡ. ಹ್ಯಾಲೋವೀನ್ ಮುಗಿಯಿತು. ಗೆಳೆಯರು ಆ ರಾತ್ರಿ ಯೂಟ್ಯೂಬ್‌ನಲ್ಲಿ ಜಾಹೀರಾತುಗಳ ಮಧ್ಯೆ ಸ್ಟೀವನ್‌ನ ಕಥೆ ಕೇಳಿ ಎದ್ದು ಹೋದರು. ದುಡ್ಡು ಪೂರ್ತಿ ವಾಪಸ್ ಕೊಡಿ, ರೆಕಾರ್ಡ್ ನಿಮ್ಮವರೇ ಬಂದು ತಗೊಂಡು ಹೋಗಲಿ. ಮತ್ತೆ, ಆ ಮೆಸೇಜ್‌ನಲ್ಲಿರುವ ‘ಕಾರಣ’ವನ್ನು ತಿದ್ದಿ ಕಳಿಸಿ.

ಇಲ್ಲದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. 5 ಲಕ್ಷದವರೆಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವೂ ಇಲ್ಲ, ವಕೀಲರೂ ಬೇಕಿಲ್ಲ. ನನ್ನ ಪ್ಲೇಯರ್ ಹೊತ್ತುಕೊಂಡು ಬಂದು, ಅಲ್ಲೇ ರೆಕಾರ್ಡ್ ಹಾಕಿ ಕೇಳಿಸಲು ಅನುಮತಿ ಕೇಳುತ್ತೇನೆ. ಗುಣಮಟ್ಟಕ್ಕಾಗಿ ಕರೆಗಳನ್ನು ರೆಕಾರ್ಡ್ ಮಾಡಿಕೊಳ್ಳುತ್ತೇವೆ ಅಂತ ನೀವೇ ಪ್ರತಿ ಸಲ ಹೇಳುತ್ತೀರಿ. ಆ ದಿನದ ಕರೆಯನ್ನು ಜೋಪಾನವಾಗಿ ಇಟ್ಟುಕೊಂಡಿರಿ. ಅದನ್ನು ಹಾಜರುಪಡಿಸಿ ಅಂತ ಕೇಳುವವನು ನಾನೇ. ನಗು ಸಮೇತ.

ಇಂತಿ,
ಹಾಡು ಇಷ್ಟವಾಗಿರುವ ಗ್ರಾಹಕ

ಲಗತ್ತು: ಬಿಲ್, ಗುಳ್ಳೆಯ ಫೋಟೋ, ನಿಮ್ಮ ಮೆಸೇಜ್‌ನ ಪ್ರತಿ. ಕೂಪನ್ ಕೂಡ ಇಟ್ಟಿದ್ದೇನೆ, ನೀವೇ ಬಳಸಿಕೊಳ್ಳಿ.