ಮಗಳಿಗೊಂದು ಪತ್ರ: ಆ ಪ್ಯಾಚ್ ಮುಚ್ಚಬೇಡ

ಅವ್ವಿ,

ನಿನ್ನೆ ಫೋನಿನಲ್ಲಿ ನೀನು ಪ್ಯಾಚ್ ಮುಚ್ಚಿಬಿಡುತ್ತೇನೆ ಅಂತ ಸಿಟ್ಟಿನಲ್ಲಿದ್ದೆ, ನನ್ನ ಮುಂದೆ ಗಿರಾಕಿ ನಿಂತಿದ್ದರು, ಸರಿಯಾಗಿ ಮಾತೇ ಆಗಲಿಲ್ಲ. ಈಗ ಶಟರ್ ಅರ್ಧ ಇಳಿಸಿ ಕೂತಿದ್ದೇನೆ. ನೀನು ಕಳಿಸಿದ ಲಿಂಕ್ ತೆಗೆದು, ಆ ಓಪನ್ ಸೋರ್ಸ್ ತಂತ್ರಾಂಶದಲ್ಲಿ ಕನ್ನಡ ಪದ ಸರಿಯಾಗಿ ಹುಡುಕಿ ಸಿಗಲಿ ಅಂತ ನೀನು ಬರೆದುಕೊಟ್ಟ ತಿದ್ದುಪಡಿಗೆ, ಅಂದರೆ ನಿನ್ನ ಪ್ಯಾಚಿಗೆ, ಬಂದ ಹನ್ನೊಂದು ಕಾಮೆಂಟನ್ನೂ ಓದಿದೆ. ಇಂಗ್ಲಿಷ್ ಅರ್ಧ ತಿಳಿಯಿತು, ಕೋಡ್ ಅಂತೂ ಬಿಡು. ಆದರೆ ಜಗಳ ಏನು ಅಂತ ಚೆನ್ನಾಗಿ ತಿಳಿಯಿತು. ಗಾಂಧಿ ಚೌಕದ ಹತ್ತಿರ ಇಪ್ಪತ್ತು ವರ್ಷದಿಂದ ಡಿಟಿಪಿ ಮಾಡುವವನಿಗೆ ‘ರ‍್ಯಾಲಿ’ಯ ಕಾಟ ಗೊತ್ತಿರಲ್ವಾ?

‘ಸೂರ್ಯ’ ಅಂತ ಒತ್ತಿದರೆ ಅರ್ಕಾವತ್ತು ತಾನೇ ಬರುತ್ತದೆ. ರ‍್ಯಾಲಿಗೆ, ರ‍್ಯಾಂಕ್‌ಗೆ ಅದು ಬೇಡ, ರ ಹಾಗೇ ನಿಂತು ಕೆಳಗೆ ಯ ಒತ್ತು ಬರಬೇಕು. ಅದಕ್ಕೆ ನಡುವೆ ಒಂದು ಕಾಣದ ಅಕ್ಷರ ಬೇಕು, ನೀನು ಝಡ್‌ಡಬ್ಲ್ಯೂಜೆ ಅನ್ನುತ್ತೀಯಲ್ಲ, ಅದು. ಒಂದು ಕೀಬೋರ್ಡ್ ಅದನ್ನು ಅರ್ಧಾಕ್ಷರದ ಚಿಹ್ನೆಗಿಂತ ಮೊದಲು ಹಾಕುತ್ತದೆ, ಇನ್ನೊಂದು ಆಮೇಲೆ. ಎಷ್ಟೋ ಫಾಂಟಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಕಂಪ್ಯೂಟರಿಗೆ ಮಾತ್ರ ಅವು ಬೇರೆ ಬೇರೆ ಪದ. ಒಂದು ಸಲ ಕರಪತ್ರದಲ್ಲಿ ‘ರ‍್ಯಾಲಿ’ ತೆಗೆದು ‘ಸಮಾವೇಶ’ ಮಾಡಿ ಅಂದರು, ಫೈಂಡ್ ರಿಪ್ಲೇಸ್ ಕೊಟ್ಟೆ, ಎರಡು ಸಾವಿರ ಪ್ರತಿ ಹೊಡೆದ ಮೇಲೆ ನೋಡಿದರೆ ಕೆಳಗಿನ ಸಾಲಿನಲ್ಲಿ ರ‍್ಯಾಲಿ ಹಾಗೇ ಕೂತಿದೆ. ಆ ಸಾಲನ್ನು ಬೇರೆ ಹುಡುಗ ಬೇರೆ ಕೀಬೋರ್ಡಿನಲ್ಲಿ ಒತ್ತಿದ್ದ. ಕಾಗದದ ದುಡ್ಡು ನನ್ನ ತಲೆಗೇ ಬಂತು. ಈ ಕಥೆ ಕೇಳಿಯೇ ಅಲ್ವಾ ನೀನು ಆ ಪ್ಯಾಚ್ ಬರೆದದ್ದು?

ಬರೆದದ್ದು ಒಳ್ಳೇದಾಯಿತು. ಆದರೆ ಆ ಮೇಂಟೇನರ್, ಆ ತಂತ್ರಾಂಶ ನೋಡಿಕೊಳ್ಳುವವನು, ಹೇಳಿದ್ದು ಸರಿ ಇದೆ. ಬೈಬೇಡ, ಕೇಳು.

2014ರ ನವೆಂಬರ್ 1ರಂದು ನಮ್ಮ ಊರು ವಿಜಯಪುರ ಆಯಿತಲ್ಲ, ಆವತ್ತು ರಾಜ್ಯದಲ್ಲಿ 12 ಊರಿನ ಹೆಸರು ಬದಲಾಯಿತು. ಬಹಳ ಊರುಗಳಿಗೆ ಬದಲಾದದ್ದು ಇಂಗ್ಲಿಷ್ ಕಾಗುಣಿತ ಅಷ್ಟೇ, ನಮ್ಮದು ಕನ್ನಡದಲ್ಲೂ ಬದಲಾಯಿತು. ಅಂಗಡಿಗೆ ಸುಗ್ಗಿ! ಲೆಟರ್‌ಹೆಡ್, ರಸೀದಿ ಪುಸ್ತಕ, ವಿಸಿಟಿಂಗ್ ಕಾರ್ಡ್, ಎಲ್ಲ ಹೊಸದು. ಬಿಜಾಪುರ, ಬಿಜಾಪೂರ, ವಿಜಾಪುರ ಅಂತ ಜನ ಮೂರು ಥರ ಬರೆಸಿದ್ದರು, ನಾನು ಮೂರಕ್ಕೂ ಫೈಲ್ ತೆಗೆದು ‘ರಿಪ್ಲೇಸ್ ಆಲ್’ ಒತ್ತುತ್ತಾ ಹೋದೆ. ಒಂದು ಮದುವೆ ಪತ್ರಿಕೆಯೂ ಅದರಲ್ಲಿ ಸಿಕ್ಕಿಕೊಂಡಿತು. ಬೀಗರ ಅಡ್ಡಹೆಸರೇ ಬಿಜಾಪುರ. ಐನೂರು ಪತ್ರಿಕೆಯಲ್ಲಿ ಅವರ ಮನೆತನ ವಿಜಯಪುರ ಆಗಿತ್ತು. ಹುಡುಗನ ಕಾಕಾ ಬಂದು ಕೌಂಟರ್ ಮೇಲೆ ಕಟ್ಟು ಇಟ್ಟು ಕೇಳಿದರು, “ನಮ್ಮ ಅಡ್ಡಹೆಸರೂ ಸರ್ಕಾರ ಬದಲಿ ಮಾಡೇತೇನ್ರೀ?” ನಾನು ಏನು ಹೇಳಲಿ?

ನಿನ್ನ ಮೊದಲ ಪ್ಯಾಚ್ ಮಾಡಿದ್ದೂ ಅದೇ. ಕಾಣದ ಅಕ್ಷರ ಎಲ್ಲಿ ಸಿಕ್ಕರೂ ಕಿತ್ತು ಹಾಕು ಅಂದುಬಿಟ್ಟೆ. ಅದರ ಜೋಡಿ ಅಕ್ಷರವನ್ನೂ, ಅಕ್ಷರಗಳು ಒಂದಕ್ಕೊಂದು ಕೂಡದಂತೆ ತಡೆಯುವ ಝಡ್‌ಡಬ್ಲ್ಯೂಎನ್‌ಜೆಯನ್ನೂ ಬಿಡಲಿಲ್ಲ. ಅದು ಹೋದರೆ ‘ಸಾಫ್ಟ್‌ವೇರ್’ ಹೋಗಿ ‘ಸಾಫ್ಟ್ವೇರ್’ ಆಗುತ್ತದೆ, ರಾಜ್‌ಕುಮಾರ್ ಹೋಗಿ ರಾಜ್ಕುಮಾರ್. ಪಾರ್ಸಿ ಭಾಷೆ ಬರೆಯುವವರಿಗೆ ಅದು ದಿನವೂ ಬೇಕು, ಕ್ರಿಯಾಪದಗಳ ಒಳಗೇ ಇರುತ್ತದೆ. ಮತ್ತೆ ಆ ಇಮೋಜಿ ನೋಡು, ಅಪ್ಪ ಅವ್ವ ಮಗಳು ಒಟ್ಟಿಗೆ ನಿಂತಿರುವುದು. ಅದು ಒಂದು ಚಿತ್ರ ಅಲ್ಲವಂತೆ, ಮೂರು ಚಿತ್ರವನ್ನು ಇದೇ ಝಡ್‌ಡಬ್ಲ್ಯೂಜೆ ಅಂಟಿಸಿದೆ. ಕಿತ್ತರೆ ಸಂಸಾರ ಮೂರು ಪಾಲು. ಇದು ನನಗೆ ಆ ಕಾಮೆಂಟ್ ಓದಿಯೇ ಗೊತ್ತಾದದ್ದು, ಇಷ್ಟು ವರ್ಷ ಅದನ್ನು ಒತ್ತುತ್ತಾ ಬಂದರೂ. ಆ ಮನುಷ್ಯ ಕೇಳುವುದು ಇಷ್ಟೇ: ಹುಡುಕುವಾಗ ಮಾತ್ರ ಆ ಅಕ್ಷರ ಇಲ್ಲ ಅಂದುಕೋ, ಅದೂ ಕನ್ನಡದ ಪದ ಆದರೆ ಮಾತ್ರ, ಜನ ಬರೆದಿಟ್ಟದ್ದನ್ನು ಮುಟ್ಟಬೇಡ.

ಇನ್ನೊಂದು, ನಾಲ್ಕು ಫೈಲಿನಲ್ಲಿ ಸ್ಪೇಸ್ ಸರಿಮಾಡಿದ್ದೀಯಂತೆ. ಯಾಕೆ? ಫೋನ್ ನಂಬರ್ ತಿದ್ದಿ ಅಂತ ಗಿರಾಕಿ ಹೇಳಿದರೆ ನಾನು ಫಾಂಟೂ ಬದಲಿಸಿ ಕೊಟ್ಟರೆ ಅವರು ಪೂರ್ತಿ ಮತ್ತೆ ಓದಬೇಕು. ಅದನ್ನು ತೆಗೆದುಬಿಡು.

‘ನಿಟ್’ (ಸಣ್ಣಪುಟ್ಟ ತಪ್ಪು) ಅಂತ ಅವರು ಐದು ಕಡೆ ಬರೆದಿದ್ದಕ್ಕೆ ಬೇಜಾರಾದೆಯಲ್ಲ, ನಿಘಂಟು ತೆಗೆದು ನೋಡಿದೆ. ನಿಟ್ ಅಂದರೆ ಸೀರು, ಹೇನಿನ ಮೊಟ್ಟೆ! ನಕ್ಕು ಸಾಕಾಯಿತು. ಪ್ರತಿ ಭಾನುವಾರ ಅವ್ವ ನಿನ್ನನ್ನು ಮಂಡಿ ನಡುವೆ ಒತ್ತಿ ಹಿಡಿದು ಸೀರಣಿಗೆ ಎಳೆಯುತ್ತಿದ್ದಳು, ನೀನು ಚೀರುತ್ತಿದ್ದೆ. ಅವರೂ ಪಾಪ ಅದನ್ನೇ ಮಾಡುತ್ತಿದ್ದಾರೆ, ಸಂಬಳ ಇಲ್ಲದೆ, ಅವರ ಊರಿನ ಅರ್ಧ ರಾತ್ರಿಯಲ್ಲಿ.

ಹೊಸಬಳು ಅಂತ ಅನುಮಾನ ಮಾಡುತ್ತಾರೆ ಅಂದೆ. ಮಾಡಲಿ ಬಿಡು. ಎಕ್ಸ್‌ಝಡ್ ಅನ್ನೋ, ಫೈಲ್ ಕುಗ್ಗಿಸುವ ತಂತ್ರಾಂಶದ ಕಥೆ ನನಗೆ ಹೇಳಿದವಳು ನೀನೇ. ಒಬ್ಬ ಎರಡು ವರ್ಷಕ್ಕೂ ಜಾಸ್ತಿ ಒಳ್ಳೊಳ್ಳೆ ಪ್ಯಾಚ್ ಕಳಿಸಿ ನಂಬಿಕೆ ಗಳಿಸಿ, ಆಮೇಲೆ ಅದರಲ್ಲಿ ಕಳ್ಳದಾರಿ ಇಟ್ಟ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಆಗೋಕೆ ಅರ್ಧ ಸೆಕೆಂಡ್ ಜಾಸ್ತಿ ಹಿಡಿಯುತ್ತಿದೆ ಯಾಕೆ ಅಂತ ಕೆದಕಿದ್ದಕ್ಕೆ ಸಿಕ್ಕಿತು. ಅಂಥದ್ದು ನೋಡಿದವರು ಬಾಗಿಲಲ್ಲೇ ನಿಲ್ಲಿಸಿ ಯಾರು ನೀನು ಅಂತ ಕೇಳದೆ ಇರುತ್ತಾರಾ?

ನಿನ್ನ ಗೆಳತಿಯರು ರೀಡ್‌ಮೀ ಅನ್ನೋ ಪರಿಚಯದ ಫೈಲಿನಲ್ಲಿ ಸುಮ್ನೆ ಒಂದು ಪದ ತಿದ್ದಿ ರೆಸ್ಯೂಮೆಗೆ ಹಾಕಿಕೊಂಡರು, ನಿನ್ನದು ಮಾತ್ರ ತಿಂಗಳಿಂದ ನಿಂತಿದೆ, ಹೌದು. ಆದರೆ ಆ ಹನ್ನೊಂದು ಕಾಮೆಂಟಿನಲ್ಲಿ ಒಂದು ಪ್ರಶ್ನೆ ಇದೆ, ನೀನು ಸಿಟ್ಟಿನಲ್ಲಿ ನೋಡಿಲ್ಲ ಅನಿಸುತ್ತದೆ: “ಕನ್ನಡದಲ್ಲಿ ಯಾವ ಪದ ಸಿಗಬೇಕು, ಯಾವುದು ಸಿಗಬಾರದು, ಟೆಸ್ಟಿಗೆ ಉದಾಹರಣೆ ಕೊಡುತ್ತೀಯಾ?” ಅವನಿಗೆ ಕನ್ನಡ ಬರಲ್ಲ ಅವ್ವಿ. ಕೋಡ್ ಅವನೇ ಬರೆದುಕೊಂಡಾನು, ಇದನ್ನು ಎಲ್ಲಿಂದ ತರುತ್ತಾನೆ?

ಅಂಗಡಿಯ ಹಳೇ ಫೈಲುಗಳಿಂದ ಈವತ್ತು ಸಂಜೆ ನಲವತ್ತು ಪದ ತೆಗೆದಿದ್ದೇನೆ. ರ‍್ಯಾಲಿ ಎರಡೂ ಥರ ಇದೆ, ರ‍್ಯಾಂಕ್ ಇದೆ, ಸಾಫ್ಟ್‌ವೇರ್ ಇದೆ, ಹೆಸರುಗಳು ಹನ್ನೆರಡು. ಸೂರ್ಯ, ಕಾರ್ಯ, ಆರ್ಯ ಕೂಡ ಹಾಕಿದ್ದೇನೆ, ಅವಕ್ಕೆ ಏನೂ ಆಗಬಾರದು. ಫೈಲ್ ಯೂನಿಕೋಡ್‌ನಲ್ಲೇ ಇದೆ, ‘ನುಡಿ’ ತಂತ್ರಾಂಶದ ಹಳೇ ಫಾಂಟಿನದಲ್ಲ, ಹೆದರಬೇಡ. ವಾಟ್ಸಾಪಿನಲ್ಲಿ ಮೆಸೇಜ್ ಮಾಡಿದರೆ ಕಾಣದ ಅಕ್ಷರ ಎಲ್ಲಿ ಉದುರುತ್ತವೋ ಅಂತ ಮೇಲ್‌ಗೇ ಹಾಕಿದ್ದೇನೆ.

ಅವ್ವ ಶೇಂಗಾ ಹೋಳಿಗೆ ಕಟ್ಟಿದ್ದಾಳೆ, ಶನಿವಾರ ಹುಬ್ಬಳ್ಳಿ ಬಸ್ಸಿನಲ್ಲಿ ಕಳಿಸುತ್ತೇವೆ. ಸ್ಟ್ಯಾಂಡಿಗೆ ಆರಕ್ಕೇ ಹೋಗು, ಕಳೆದ ಸಲ ಕಂಡಕ್ಟರ್ ಕಾದು ಬೈದರು.

ನಿನ್ನ ಅಪ್ಪ