ಶನಿವಾರದ ಆ ಕುಣಿತದ ಬಗ್ಗೆ

ಪುಟ್ಟೀ,

ಕನ್ನಡದಲ್ಲಿ ಬರೆದರೆ ನೀನು ಓದೋದು ನಿಧಾನ ಅಂತ ಗೊತ್ತು. ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಶನಿವಾರ ಕಾರಿನಲ್ಲಿ ನಾನು ಅವಸರಕ್ಕೆ ಏನೋ ಅಂದೆ, ನೀನು ಅವಸರಕ್ಕೆ ಕಿವಿಗೆ ಇಯರ್‌ಬಡ್ ತುರುಕಿಕೊಂಡೆ.

ಆ ದಿನದ ನಿನ್ನ ಸಾಫ್ಟ್‌ಬಾಲ್ ಆಟದ ಸ್ಕೋರ್‌ಬುಕ್ ನನ್ನ ಮುಂದೆಯೇ ಇದೆ. ಐದನೇ ಇನ್ನಿಂಗ್ಸ್‌ನ ನಿನ್ನ ಚೌಕದೊಳಗಿನ ಪುಟ್ಟ ಡೈಮಂಡನ್ನು ಪೆನ್ಸಿಲ್‌ನಲ್ಲಿ ಪೂರ್ತಿ ಕಪ್ಪು ಮಾಡಿದ್ದೇನೆ, ಅಂದರೆ ಹೋಮ್ ರನ್ ಹೊಡೆದು ನಾಲ್ಕೂ ಬೇಸ್ ಸುತ್ತಿ ಬಂದೆ ಅಂತ. ಎಷ್ಟು ಒತ್ತಿದ್ದೇನೆ ಅಂದರೆ ಮುಂದಿನ ಹಾಳೆಯಲ್ಲೂ ಅಚ್ಚು ಮೂಡಿದೆ. ನೀನು ಬ್ಯಾಟನ್ನು ಮೇಲಕ್ಕೆ ಎಸೆದದ್ದು, ಮೂರನೇ ಬೇಸ್ ಹತ್ತಿರ ಎರಡೂ ಕೈ ಬೀಸಿ ಕುಣಿದದ್ದು, ಇದನ್ನೆಲ್ಲ ಬರೆಯೋಕೆ ಅದರಲ್ಲಿ ಜಾಗ ಇಲ್ಲ. ನೀನು ಮತ್ತೆ ಬ್ಯಾಟಿಂಗ್‌ಗೆ ಬಂದಾಗಿನ ಚೌಕದಲ್ಲಿ 'ಎಚ್‌ಬಿಪಿ' ಅಂತಿದೆ. ಚೆಂಡು ಮೈಗೆ ಬಡಿಯಿತು, ಒಂದನೇ ಬೇಸ್‌ಗೆ ಹೋಗು, ಅಷ್ಟೇ. ನಿನ್ನ ತೊಡೆಯ ಮೇಲೆ ಚೆಂಡಿನ ಹೊಲಿಗೆ ಸಮೇತ ಮೂಡಿದ ನೀಲಿ ಗುರುತಿಗೂ ಅಲ್ಲಿ ಜಾಗ ಇಲ್ಲ.

ಚೆಂಡು ಎಸೆದ ಆ ಪಿಚರ್ ಹುಡುಗಿ ಬೇಕಂತಲೇ ಹಾಕಿದಳೋ, ಕೈ ಜಾರಿತೋ, ದೇವರಿಗೇ ಗೊತ್ತು. ನನ್ನ ಹಿಂದೆ ಕೂತಿದ್ದವರೊಬ್ಬರು ಮಾತ್ರ ಸರಿಯಾಯ್ತು ಬಿಡು ಅನ್ನೋ ಥರ ನಕ್ಕರು. ನಾನು ಕಾರಿನಲ್ಲಿ "9-1 ಮುಂದಿದ್ವಿ, ಅಷ್ಟೊಂದು ಕುಣೀಬೇಕಿತ್ತಾ?" ಅಂದೆನಲ್ಲ, ಅದೂ ಅದೇ ಮಾತು ಕಣೇ. ಸ್ವಲ್ಪ ಸಕ್ಕರೆ ಸವರಿದ್ದೆ, ಅಷ್ಟೇ.

"ಕುಣೀಬಾರದು ಅಂತ ಎಲ್ಲಿ ಬರೆದಿದೆ?" ಅಂದೆ ನೀನು. ಎಲ್ಲೂ ಬರೆದಿಲ್ಲ. ಬೇಸ್‌ಬಾಲ್‌ನಿಂದ ನಿಮ್ಮ ಸಾಫ್ಟ್‌ಬಾಲ್‌ಗೂ ಇಳಿದು ಬಂದಿರೋ ರೂಢಿ ಇದು. ಹೋಮ್ ರನ್ ಹೊಡೆದು ನಿಂತು ನೋಡಬಾರದು. ಬ್ಯಾಟ್ ಎಸೆಯಬಾರದು. ಪಿಚರ್‌ನ ದಿಬ್ಬ ತುಳಿಯಬಾರದು. ಪಿಚರ್ ಒಂದೂ ಹಿಟ್ ಕೊಡದೆ ಆಡುತ್ತಿದ್ದರೆ ಆಟಗಾರರು ಕೂರೋ ಡಗ್‌ಔಟ್‌ನಲ್ಲಿ ಅವನ ಹತ್ತಿರ ಆ ಮಾತೇ ಎತ್ತಬಾರದು. ಇದೊಂದು ಮಾತ್ರ ನನಗೆ ತುಂಬಾ ಇಷ್ಟ. ಮಗು ಚೆನ್ನಾಗಿ ಊಟ ಮಾಡ್ತಿದೆ ಅಂತ ಬಾಯಿಬಿಟ್ಟು ಹೇಳಿದರೆ ನಮ್ಮಜ್ಜಿ ದೃಷ್ಟಿ ತೆಗೆಯೋಕೆ ಉಪ್ಪು, ಮೆಣಸಿನಕಾಯಿ ಹುಡುಕುತ್ತಿದ್ದರು.

ಇಲ್ಲೇ ಆರ್ಲಿಂಗ್ಟನ್‌ನಲ್ಲಿ ನಡೆದದ್ದು ನಿನಗೆ ಗೊತ್ತಾ? 2020ರ ಆಗಸ್ಟ್ 17. ಕೋವಿಡ್ ಕಾಲ, ಸ್ಟೇಡಿಯಂ ಖಾಲಿ. ಸ್ಯಾನ್ ಡಿಯಾಗೋ ಪಾಡ್ರೆಸ್ ತಂಡ ನಮ್ಮ ಟೆಕ್ಸಸ್ ರೇಂಜರ್ಸ್ ಮೇಲೆ 10-3 ಮುಂದಿತ್ತು. ಎಂಟನೇ ಇನ್ನಿಂಗ್ಸ್, ಮೂರೂ ಬೇಸ್ ತುಂಬಿವೆ, ಮೂರು ಬಾಲ್ (ಗುರಿತಪ್ಪಿದ ಎಸೆತ), ಸ್ಟ್ರೈಕ್ ಸೊನ್ನೆ. ಅಷ್ಟು ಮುಂದಿರುವಾಗ ಮುಂದಿನ ಎಸೆತಕ್ಕೆ ಬ್ಯಾಟ್ ಬೀಸದೆ ಸುಮ್ನೆ ನಿಲ್ಲಬೇಕು ಅನ್ನೋದು ರೂಢಿ. ಪಾಡ್ರೆಸ್‌ನ 21 ವರ್ಷದ ಫೆರ್ನಾಂಡೋ ಟಾಟಿಸ್ ಜೂನಿಯರ್ ನಿಲ್ಲಲಿಲ್ಲ. ಚೆಂಡು ಬೇಲಿಯಾಚೆ ಹೋಯಿತು, ನಾಲ್ಕು ರನ್. ರೇಂಜರ್ಸ್ ಮ್ಯಾನೇಜರ್‌ಗೆ ಸಿಟ್ಟು ಬಂತು. ಹೊಸದಾಗಿ ಬಂದ ಪಿಚರ್ ಮುಂದಿನ ಬ್ಯಾಟರ್ ಮ್ಯಾನಿ ಮಚಾಡೋ ಬೆನ್ನ ಹಿಂದೆ ಚೆಂಡು ಎಸೆದ. ಹೊಡೆದವನು ಒಬ್ಬ, ಬೆದರಿಕೆ ಇನ್ನೊಬ್ಬನಿಗೆ! ಪಿಚರ್‌ಗೆ ಮೂರು ಪಂದ್ಯ, ಮ್ಯಾನೇಜರ್‌ಗೆ ಒಂದು ಪಂದ್ಯ ಸಸ್ಪೆನ್ಷನ್ ಆಯಿತು.

ನನಗೆ ಹೊಟ್ಟೆ ಉರಿದದ್ದು ಬೇರೆ ವಿಷಯಕ್ಕೆ. ಟಾಟಿಸ್‌ನ ಸ್ವಂತ ಮ್ಯಾನೇಜರ್ ಕೂಡ ಅವತ್ತು, ಹೊಡೀಬೇಡ ಅಂತ ಸನ್ನೆ ಕೊಟ್ಟಿದ್ವಿ, ಅವನು ನೋಡಲಿಲ್ಲ, ಕಲೀತಾನೆ ಅನ್ನೋ ಥರ ಮಾತಾಡಿದರು. ಆ ಹುಡುಗನೂ ಇನ್ಮೇಲೆ ನೋಡ್ಕೋತೀನಿ ಅಂದುಬಿಟ್ಟ. ಮನೆಯವರೇ ಕೈಬಿಟ್ಟರೆ ಇನ್ನೇನು ಹೇಳಿಯಾನು. ಕಾರಿನಲ್ಲಿ ನಾನು ಮಾಡಿದ್ದೂ ಅದನ್ನೇ ಅಲ್ವಾ. ಅಂದ ಹಾಗೆ ಅವನ ಅಪ್ಪ 1999ರಲ್ಲಿ ಒಂದೇ ಇನ್ನಿಂಗ್ಸ್‌ನಲ್ಲಿ ಎರಡು ಗ್ರ್ಯಾಂಡ್ ಸ್ಲ್ಯಾಮ್ (ಮೂರೂ ಬೇಸ್ ತುಂಬಿರುವಾಗಿನ ಹೋಮ್ ರನ್) ಹೊಡೆದವರು, ಅದೂ ಒಬ್ಬನೇ ಪಿಚರ್‌ಗೆ. ಸಾಕು ಅಂತ ನಿಲ್ಲೋದು ಆ ಮನೆಯಲ್ಲಿ ಯಾರಿಗೂ ಬರಲ್ಲ.

ಇನ್ನೊಂದು ವಿಚಿತ್ರ ನೋಡು. ಅದೇ ತಾರೀಖು, ಸರಿಯಾಗಿ 100 ವರ್ಷ ಹಿಂದೆ, 1920ರ ಆಗಸ್ಟ್ 17ರಂದು, ರೇ ಚಾಪ್‌ಮನ್ ಅನ್ನೋ ಕ್ಲೀವ್‌ಲ್ಯಾಂಡ್ ಆಟಗಾರ ತೀರಿಕೊಂಡ. ಹಿಂದಿನ ದಿನ ಪಿಚರ್ ಎಸೆದ ಚೆಂಡು ತಲೆಗೆ ಬಡಿದಿತ್ತು. ಆಗ ಹೆಲ್ಮೆಟ್ ಇರಲಿಲ್ಲ. ಅದು ಸೇಡಿನ ಚೆಂಡು ಅಂತಲ್ಲ. ಆದರೆ ಕುಣಿದದ್ದಕ್ಕೆ ಚೆಂಡಿನಿಂದ ಬುದ್ಧಿ ಕಲಿಸ್ತೀನಿ ಅನ್ನೋರಿಗೆ ಈ ತಾರೀಖು ನೆನಪಿರಬೇಕು.

ನಿಮ್ಮಪ್ಪನಿಗೆ ಈ ವಾದ ಹಿಡಿಸಲ್ಲ. 2015ರ ಪ್ಲೇಆಫ್‌ನಲ್ಲಿ ಟೊರೊಂಟೊದ ಹೊಸೆ ಬಟೀಸ್ಟಾ ರೇಂಜರ್ಸ್ ವಿರುದ್ಧ ಬ್ಯಾಟ್ ಎಸೆದದ್ದನ್ನು ಅವರಿನ್ನೂ ಮರೆತಿಲ್ಲ. ಮುಂದಿನ ಮೇ ತಿಂಗಳಲ್ಲಿ ನಮ್ಮವನೊಬ್ಬ ಅವನ ದವಡೆಗೆ ಗುದ್ದಿದ. ಆ ವಿಡಿಯೋ ನಿಮ್ಮಪ್ಪ ಇವತ್ತಿಗೂ ಹಾಕಿಕೊಂಡು ನೋಡ್ತಾರೆ, ಪಾಪ. ಅದೇ ಕೊರಿಯಾದಲ್ಲಿ ಬ್ಯಾಟ್ ಎಸೆಯೋದು ಮಾಮೂಲು. ಅದಕ್ಕಂತಲೇ ಅವರ ಭಾಷೆಯಲ್ಲಿ ಒಂದು ಪದ ಇದೆ. ಆಟ ಅದೇ, ಚೆಂಡು ಅದೇ, ಅವಮಾನ ಮಾತ್ರ ಊರೂರಿಗೆ ಬೇರೆ.

ನಾನು ಮೈಸೂರಿನಲ್ಲಿ ಬೆಳೆದವಳು, ನನ್ನ ಲೆಕ್ಕ ಕ್ರಿಕೆಟ್‌ನಲ್ಲೇ ಶುರುವಾಗೋದು. 1996ರ ವಿಶ್ವಕಪ್ ಕ್ವಾರ್ಟರ್ ಫೈನಲ್, ಬೆಂಗಳೂರು. ಪಾಕಿಸ್ತಾನದ ಆಮಿರ್ ಸೊಹೇಲ್ ಫೋರ್ ಹೊಡೆದು, ನಮ್ಮ ವೆಂಕಟೇಶ್ ಪ್ರಸಾದ್‌ಗೆ ಬ್ಯಾಟಿನಿಂದ ಬೌಂಡರಿ ಕಡೆ ತೋರಿಸಿದ. ಮತ್ತೆ ಅಲ್ಲಿಗೇ ಹೊಡೀತೀನಿ ಅನ್ನೋ ಹಾಗೆ. ಮುಂದಿನ ಚೆಂಡಿಗೇ ಅವನ ಸ್ಟಂಪ್ ಹಾರಿತು. ವಠಾರದವರೆಲ್ಲ ಒಂದೇ ಟಿವಿ ಮುಂದೆ ಕೂತಿದ್ವಿ. ಕಾಫಿ ಲೋಟ ಉರುಳಿದ್ದನ್ನೂ ಯಾರೂ ನೋಡಲಿಲ್ಲ. ಪ್ರಸಾದ್‌ಗೆ ಉರಿದಿರಲಿಲ್ಲವಾ? ಖಂಡಿತ ಉರಿದಿತ್ತು. ಆದರೆ ಚೆಂಡು ಹೋಗಿದ್ದು ವಿಕೆಟ್‌ಗೆ, ಮೈಗಲ್ಲ. ಆ ಪಿಚರ್ ಹುಡುಗಿಗೂ ಇದೇ ದಾರಿ ಇತ್ತು. ನಿನ್ನನ್ನ ಸ್ಟ್ರೈಕ್‌ಔಟ್ ಮಾಡಿ ಅವಳೂ ಕುಣಿಯಬಹುದಿತ್ತು. ನಾನು ಚಪ್ಪಾಳೆ ಹೊಡೀತಿದ್ದೆ.

ಇಷ್ಟೆಲ್ಲ ನಿನ್ನ ಪರ ಹೇಳಿದೆ. ಒಂದು ಮಾತು ಬಾಕಿ ಇದೆ. ಮೂರನೇ ಬೇಸ್ ಹತ್ತಿರ ಒಂದು ಕ್ಷಣ ನೀನು ಡಗ್‌ಔಟ್ ಬಿಟ್ಟು ಅವಳ ಕಡೆ ತಿರುಗಿದೆ. ಅವಳು ಬಗ್ಗಿ ಶೂ ಲೇಸ್ ಕಟ್ಟುತ್ತಿದ್ದಳು. ಲೇಸ್ ಬಿಚ್ಚಿರಲಿಲ್ಲ. ನನಗದು ಕಾಣಿಸಿತು, ನಿನಗೆ ಕಾಣಿಸಿರಲಿಕ್ಕಿಲ್ಲ. ಅದೊಂದು ನನಗೆ ಹಿಡಿಸಲಿಲ್ಲ.

ಬಿಳಿ ಪ್ಯಾಂಟು ನೆನೆಹಾಕಿದ್ದೇನೆ, ಮಂಡಿಯ ಮಣ್ಣು ಇನ್ನೂ ಬಿಟ್ಟಿಲ್ಲ. ಐಸ್ ಪ್ಯಾಕ್ ಫ್ರೀಜರ್‌ನಲ್ಲಿ ದೋಸೆ ಹಿಟ್ಟಿನ ಡಬ್ಬಿ ಹಿಂದೆ ಇದೆ, ರಾತ್ರಿ ಇನ್ನೊಂದು ಸಲ ಇಟ್ಕೋ. ಬರೋ ಶನಿವಾರ ಮತ್ತೆ ಅವರ ಜೊತೆಯೇ ಆಟ. ನನ್ನ ಪೆನ್ಸಿಲ್ ನಿನ್ನ ಬ್ಯಾಗಿನಲ್ಲಿದೆ, ವಾಪಸ್ ಕೊಡು.

ಅಮ್ಮ